ಬಾಂಗ್ ವಂಶದ ಮೂರು ಪ್ರತಿಗಳು

ಫೋನಿನಲ್ಲಿ ಮಾತನಾಡುವಾಗಲೂ ಎದ್ದು ನಿಂತು ಬಾಗುವುದು ಬಾಂಗ್ ದಾಲ್ಸುವಿನ ಅಭ್ಯಾಸ. ಅದು ಅವನೊಬ್ಬನದೇ ಅಲ್ಲ. ಯೊಂಗ್ಜು ಪಟ್ಟಣದಲ್ಲಿ ಐವತ್ತು ದಾಟಿದ ಗಂಡಸರು ಬಹುಪಾಲು ಹಿರಿಯರ ಕರೆ ಬಂದರೆ ಹಾಗೆಯೇ ಮಾಡುತ್ತಾರೆ. ಆಚೆ ಕಡೆಯವರಿಗೆ ಕಾಣುವುದಿಲ್ಲ ಎನ್ನುವುದು ಬಾಗದಿರಲು ತಕ್ಕ ಕಾರಣವೆಂದು ಅಲ್ಲಿ ಯಾರೂ ಒಪ್ಪಿಲ್ಲ. ಆದರೆ ಅರವತ್ತೊಂದು ವಯಸ್ಸಿನ ದಾಲ್ಸು ಉಳಿದವರಿಗಿಂತ ತುಸು ಹೆಚ್ಚೇ ಬಾಗುತ್ತಿದ್ದ.

ಬುಧವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾಂಗ್ ವಂಶದ ಸಂಘದ ಕಚೇರಿಗೆ ಕರೆ ಬಂತು. ಮಾತನಾಡಿದವರು ಸಂಘದ ಅಧ್ಯಕ್ಷ ಬಾಂಗ್ ಚಿಹ್ಯೊಕ್. ಅವರ ವಯಸ್ಸು ಎಪ್ಪತ್ತೊಂಬತ್ತು, ದನಿಯ ವಯಸ್ಸು ಇಪ್ಪತ್ತೊಂಬತ್ತು.

"ದಾಲ್ಸು! ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅಚ್ಚಿನ ಪ್ರೆಸ್‌ನವನು ಬರ್ತಾನೆ. ವಂಶಾವಳಿ ಸಿದ್ಧ ಇದೆ ತಾನೆ?"

"ಪೂರ್ತಿ ಸಿದ್ಧ, ದೊಡ್ಡಪ್ಪ," ಎಂದು ಸಂಘದ ಕಾರ್ಯದರ್ಶಿಯಾದ ದಾಲ್ಸು ಬಾಗಿದ. ಏಳುವಾಗ ಕೋಟಿನ ಗುಂಡಿ ಒಂದು ಕಪ್ಪು ಕೇಬಲಿಗೆ ಸಿಕ್ಕಿಕೊಂಡಿತ್ತು. ಕೇಬಲಿನ ಇನ್ನೊಂದು ತುದಿಯಲ್ಲಿ ಅಂಗೈ ಅಗಲದ ಹಾರ್ಡ್ ಡ್ರೈವ್ ಇತ್ತು. ಮೇಜಿನ ಎತ್ತರ ಎಪ್ಪತ್ತೆರಡು ಸೆಂಟಿಮೀಟರ್. ನೆಲ ಸಿಮೆಂಟಿನದು. ಬಿದ್ದ ಡ್ರೈವ್ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಟಕ್, ಟಕ್, ಟಕ್ ಎನ್ನತೊಡಗಿತು.

"ಅದೇನಯ್ಯಾ ಸದ್ದು?"

"ಗೋಡೆ ಗಡಿಯಾರ, ದೊಡ್ಡಪ್ಪ."

"ಅಷ್ಟು ಜೋರಾಗಾ?"

"ಹೊಸದು, ದೊಡ್ಡಪ್ಪ."

ಆ ಡ್ರೈವಿನಲ್ಲಿ ಇದ್ದದ್ದು ಬಾಂಗ್ ವಂಶ. ಸಾವಿರದ ಎಂಟುನೂರ ನಲವತ್ತೆರಡು ಮನೆಗಳು, ನಾನೂರು ವರ್ಷಗಳ ಹುಟ್ಟು, ಸಾವು, ಮದುವೆ, ದತ್ತು, ಎಲ್ಲವೂ ಅದರಲ್ಲಿತ್ತು. ವಂಶಾವಳಿಯನ್ನು ಮೂವತ್ತು ವರ್ಷಕ್ಕೊಮ್ಮೆ ಅಚ್ಚು ಹಾಕಿಸುತ್ತಾರೆ. ಈ ವರ್ಷ ಆ ಸರದಿ. ಇದಕ್ಕೆಂದೇ ಬರೆಸಿದ ತಂತ್ರಾಂಶ 1999ರದು. ಬರೆದ ಕಂಪನಿ ಯಾವಾಗಲೋ ಮುಚ್ಚಿತು. ಆ ಕಾಲದ ವಿಂಡೋಸ್ ಬಿಟ್ಟರೆ ಬೇರೆಲ್ಲೂ ಅದು ನಡೆಯುವುದಿಲ್ಲ. ಹಾಗಾಗಿ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯ ಕಂಪ್ಯೂಟರೊಂದನ್ನು ಸಾಕಿದ್ದರು. ತಿಳಿದವರು ಅದನ್ನು ವರ್ಚುವಲ್ ಮಷಿನ್ ಎನ್ನುತ್ತಾರೆ. ಅದಕ್ಕೆ ತಗಡಿಲ್ಲ, ತಂತಿಯಿಲ್ಲ. ಅದರ ಮೈಯೆಲ್ಲ ಒಂದಷ್ಟು ದೊಡ್ಡ ಫೈಲುಗಳು, ಅಷ್ಟೆ. ಆ ಫೈಲುಗಳಿದ್ದ ಡ್ರೈವೇ ಈಗ ನೆಲದ ಮೇಲೆ ಗಡಿಯಾರವಾಗಿತ್ತು.

ಆದರೂ ದಾಲ್ಸುವಿಗೆ ಪೂರ್ತಿ ಧೈರ್ಯ ಹೋಗಲಿಲ್ಲ. ಐದು ವಾರದ ಹಿಂದೆ, ಸುಗ್ಗಿ ಹಬ್ಬದ ಮರುವಾರದ ಮಹಾಸಭೆಯಲ್ಲಿ ಅವನು ಎದ್ದು ನಿಂತು, "ಹಿಂದೆ ಅರಸರು ತಮ್ಮ ಚರಿತ್ರೆಯ ಪ್ರತಿಗಳನ್ನ ಬೇರೆ ಬೇರೆ ಬೆಟ್ಟಗಳಲ್ಲಿ ಇಡಿಸ್ತಿದ್ರು. ನಮ್ಮ ವಂಶಾವಳಿ ಇವತ್ತಿನಿಂದ ಮೂರು ಮನೆಗಳಲ್ಲಿರುತ್ತೆ" ಎಂದು ಘೋಷಿಸಿದ್ದ. ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಮೂರು ಡ್ರೈವ್‌ಗಳನ್ನು ವಂಶದ ಮೂರು ದೊಡ್ಡ ಮನೆಗಳಿಗೆ ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ್ದ. ಚಪ್ಪಾಳೆ ಬಿದ್ದಿತ್ತು. ಆ ಗುಂಗಿನಲ್ಲಿ ವಂಶಾವಳಿಯ ತನ್ನ ಹೆಸರಿನ ಕೆಳಗೆ ಒಂದು ಸಾಲನ್ನೂ ಸೇರಿಸಿಕೊಂಡಿದ್ದ: 'ಕಾರ್ಯದರ್ಶಿಯಾಗಿ ವಂಶಾವಳಿಯನ್ನು ಕಾಪಾಡಿದನು.' ಈಗ ಆ ಸಾಲು ಅವನ ಕಣ್ಣ ಮುಂದೆ ಬಂತು. ಅಧ್ಯಕ್ಷರು ಕೊನೆಯ ಪದವೊಂದನ್ನು ಹೊಡೆದುಹಾಕಿ 'ಕಳೆದನು' ಎಂದು ಬರೆದರೆ ಸಾಕು, ಮೂವತ್ತು ವರ್ಷ ಹಾಗೇ ಇರುತ್ತದೆ. ಮಕ್ಕಳು, ಮೊಮ್ಮಕ್ಕಳು ಓದುತ್ತಾರೆ. ಹೆಚ್ಚಿಗೆ ಜಾಗವೂ ಬೇಡ.

ಹನ್ನೊಂದು ಗಂಟೆಗೆ ಅವನು ಬಸ್ ನಿಲ್ದಾಣದ ಪಕ್ಕದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದ. ಅಂಗಡಿಯ ಒಡತಿ ಬಾಂಗ್ ಉನ್‌ಸೊಲ್. ಮೂವತ್ತೆಂಟು ವರ್ಷದ ಅವಳು ಸಂಬಂಧದಲ್ಲಿ ದಾಲ್ಸುವಿಗೆ ಅಜ್ಜಿ. ವಂಶದ ಹಿರಿಯ ಶಾಖೆಗಳಲ್ಲಿ ಹಿರಿಮಗನಿಗೆ ಹಿರಿಮಗ ಹುಟ್ಟುತ್ತ ತಲೆಮಾರುಗಳು ದಡದಡನೆ ಕೆಳಗಿಳಿದಿದ್ದವು. ಅವಳ ಶಾಖೆಯಲ್ಲಿ ಕಿರಿಮಕ್ಕಳಿಗೆ ಮುಪ್ಪಿನಲ್ಲಿ ಕಿರಿಮಕ್ಕಳು ಹುಟ್ಟುತ್ತ ನಿಧಾನವಾಗಿದ್ದವು. ಹಾಗಾಗಿ ಅಧ್ಯಕ್ಷರಿಗೂ ಅವಳು ಸೋದರತ್ತೆಯೇ. ಹಳೆಯ ಕಂಪ್ಯೂಟರನ್ನು ಹೊಸದರೊಳಗೆ ಕೂರಿಸಿಕೊಟ್ಟವಳೂ ಅವಳೇ.

"ಅಜ್ಜೀ, ಇದು ಬಿತ್ತು."

ಅವಳು ಡ್ರೈವನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಕರೆಂಟು ಕೊಟ್ಟಳು, ತಕ್ಷಣ ತೆಗೆದಳು. "ಓಡ್ತಾ ಇದ್ದಾಗ ಬಿತ್ತಾ?"

"ಓಡ್ತಾ ಇತ್ತು."

"ಸತ್ತಿದೆ."

"ಉಸಿರಾಡ್ತಾ ಇದೆಯಲ್ಲ ಅಜ್ಜಿ, ಟಕ್ ಟಕ್ ಅಂತ!"

"ಅದು ಉಸಿರಲ್ಲ ಕಣೋ. ಒಳಗಿನ ಮುಳ್ಳು ದಾರಿ ಸಿಗದೆ ಹೊಡ್ಕೋತಾ ಇರೋದು. ಇನ್ನೊಂದ್ಸಲ ಕರೆಂಟ್ ಕೊಟ್ರೆ ಉಳಿದಿರೋದೂ ಕೆರೆದುಹೋಗುತ್ತೆ. ರಾಜಧಾನಿ ಸೋಲ್‌ಗೆ ಕಳಿಸಿದ್ರೆ ಬಿಚ್ಚಿ ನೋಡ್ತಾರೆ. ಮೂರು ವಾರ ಬೇಕು. ಸಿಕ್ಕೇ ಸಿಗುತ್ತೆ ಅಂತ ಯಾರೂ ಬರೆದುಕೊಡಲ್ಲ."

"ಶುಕ್ರವಾರ ಪ್ರೆಸ್‌ನವನು ಬರ್ತಾನೆ!"

"ಬ್ಯಾಕಪ್ ಇದೆ ತಾನೆ?"

"ಮೂರಿದೆ," ಎಂದ ದಾಲ್ಸು. ಆ ಸ್ಥಿತಿಯಲ್ಲೂ ಎದೆ ಸ್ವಲ್ಪ ಉಬ್ಬಿತು.

"ಮತ್ತೆ ಯಾಕೆ ಅಳ್ತಾ ನಿಂತಿದೀಯ? ಒಂದು ತಗೊಂಬಾ, ಹೋಗು."

"ಯಾವ ಮನೇದು ತರ್ಲಿ ಅಜ್ಜಿ? ಮೊದಲನೇ ಫೈಲಾ, ಎರಡನೇದಾ, ಮೂರನೇದಾ?"

ಉನ್‌ಸೊಲ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಏನಂದೆ? ಮೂರರಲ್ಲೂ ಒಂದೇ ಇಲ್ವಾ?"

"ಅದು ಹೇಗಾಗುತ್ತೆ? ಆ ಫೋಲ್ಡರಿನಲ್ಲಿ ಮೂರು ಫೈಲ್ ಇದ್ವು. ಒಂದು ಭಾರಿ ಹಳೇದು, ಒಂದು ನಡುವಿನದು, ಒಂದು ಹೊಸದು. ಹಿರಿಮನೆಗೆ ಕೊಡೋದನ್ನೇ ಉಳಿದ ಮನೆಗೂ ಕೊಟ್ರೆ ಹಿರಿಮನೆಗೆ ಏನು ಮರ್ಯಾದೆ? ಅದಕ್ಕೆ ಹಳೇದನ್ನ ಹಿರಿಮನೆಗೆ ಕೊಟ್ಟೆ. ನಡುವಿನದು ಗುಡ್ಡದ ಮನೆಗೆ. ಹೊಸದು ಬಾವಿ ಮನೆಗೆ. ಯಾರೂ ಏನೂ ಅನ್ನೋ ಹಾಗಿಲ್ಲ."

ತಂತ್ರಜ್ಞಾನದ ಚರಿತ್ರೆಯಲ್ಲಿ ಬ್ಯಾಕಪ್ಪನ್ನು ಕುಲಮರ್ಯಾದೆಯ ಪ್ರಕಾರ ಹಂಚಿದ ಪ್ರಸಂಗ ಇನ್ನೊಂದು ಇದ್ದರೆ ಅದು ವರದಿಯಾಗಿಲ್ಲ.

ಉನ್‌ಸೊಲ್ ಒಂದು ರಟ್ಟಿನ ಮೇಲೆ ಮೂರು ಚೌಕ ಬರೆದಳು, ಒಂದರ ಕೆಳಗೊಂದು. "ನೋಡು. 2017ರಲ್ಲಿ ನಾನೊಂದು ಗುರುತು ಹಾಕಿದ್ದೆ. ಗುರುತು ಹಾಕಿದ ಮೇಲೆ ಮಷಿನ್ನು ಹಳೇ ಫೈಲನ್ನ ಮುಟ್ಟಲ್ಲ, ಆಮೇಲೆ ಬದಲಾಗಿದ್ದನ್ನ ಮಾತ್ರ ಹೊಸ ಫೈಲಲ್ಲಿ ಬರೀತಾ ಹೋಗುತ್ತೆ. 2020ರಲ್ಲಿ ಇನ್ನೊಂದು ಗುರುತು, ಇನ್ನೊಂದು ಫೈಲು. ಇದು ಅಪ್ಪ, ಇದು ಮಗ, ಇದು ಮೊಮ್ಮಗ. ಅಪ್ಪನಿಲ್ದೆ ಮಗನ್ನ ಓದೋಕಾಗಲ್ಲ. ಮಗನಿಲ್ದೆ ಮೊಮ್ಮಗನ್ನ ಓದೋಕಾಗಲ್ಲ. ಮೂರೂ ಬೇಕು. ಮಧ್ಯೆ ಯಾರಾದ್ರೂ ಅಪ್ಪನ್ನ ತೆರೆದು ಒಂದಕ್ಷರ ಬರೆದಿದ್ರೂ ಸರಪಳಿ ಕಡಿದುಹೋಯ್ತು ಅಂತ ಲೆಕ್ಕ."

ದಾಲ್ಸು ರಟ್ಟನ್ನೇ ನೋಡುತ್ತಿದ್ದ. ಅವನ ಮುಖದ ಬಣ್ಣ ಆ ರಟ್ಟಿನ ಬಣ್ಣಕ್ಕೆ ಬಂತು. "ಅಜ್ಜೀ... ಹಾಗಾದ್ರೆ ಬಾವಿ ಮನೆ ಗುಡ್ಡದ ಮನೆಗೆ ಮಗ ಆಗುತ್ತಾ?"

"ಫೈಲು ಕಣೋ!"

"ಅದನ್ನ ಬಾವಿ ಮನೆಯವರಿಗೆ ಯಾರು ಹೇಳೋದು?"

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಗುಡ್ಡದ ಮನೆಯ ಮತ್ತು ಬಾವಿ ಮನೆಯ ಮೂಲಪುರುಷರು ಮುನ್ನೂರು ವರ್ಷದ ಹಿಂದೆ ಹುಟ್ಟಿದ ಅವಳಿಗಳು. ಯಾರು ಮೊದಲು ಹುಟ್ಟಿದರೆಂದು ಸೂಲಗಿತ್ತಿ ಹೇಳದೆ ತೀರಿಕೊಂಡಳು. ವಂಶಾವಳಿಯಲ್ಲಿ ಗುಡ್ಡದ ಮನೆಯ ಹೆಸರು ಮೊದಲಿದೆ. ಗುಡ್ಡದ ಮನೆಯ ಈಗಿನ ಯಜಮಾನರು ಅಧ್ಯಕ್ಷರೇ. ಬಾವಿ ಮನೆಯ ಯಜಮಾನರು ನಿವೃತ್ತ ಹೆಡ್‌ಮಾಸ್ತರ್ ಬಾಂಗ್ ಮಾನ್‌ಹೊ, ವಯಸ್ಸು ಎಂಬತ್ತು. ಹನ್ನೊಂದು ವರ್ಷದ ಹಿಂದೆ, ಹತ್ತನೇ ತಿಂಗಳಿನ ಸಮಾಧಿ ಪೂಜೆಯಲ್ಲಿ ಪೂರ್ವಿಕರಿಗೆ ಅರ್ಪಿಸುವ ಕಳ್ಳಿನ ಎರಡನೇ ಬಟ್ಟಲು ಯಾರು ಎತ್ತಬೇಕು ಎನ್ನುವ ಮಾತಿನಲ್ಲಿ ಇಬ್ಬರಿಗೂ ಜಗಳವಾಯಿತು. ಅಂದಿನಿಂದ ಮಾತಿಲ್ಲ.

ಅಂದೇ ಮಧ್ಯಾಹ್ನ ದಾಲ್ಸು ಹಿರಿಮನೆಗೆ ಹೋದ. ಹಿರಿಮನೆಯನ್ನು ನೋಡಿಕೊಳ್ಳುವವರು ಎಪ್ಪತ್ತೆರಡು ವರ್ಷದ ದೊಡ್ಡಮ್ಮ. ಅವರು ಡ್ರೈವನ್ನು ಪೂರ್ವಿಕರ ಗುಡಿಯೊಳಗೆ, ಹೆಸರಿನ ಹಲಗೆಗಳ ಸಾಲಿನ ಕೊನೆಯಲ್ಲಿ ಇಟ್ಟಿದ್ದರು. ಅದರ ಮುಂದೆ ಒಂದು ಪುಟ್ಟ ಬಟ್ಟಲು ಅಕ್ಕಿ ಕಳ್ಳು.

"ದೊಡ್ಡಮ್ಮ, ಇದನ್ನ ಯಾರಾದ್ರೂ ತೆರೆದು ನೋಡಿದ್ರಾ?"

"ಪಾಡ್ಯಕ್ಕೆ, ಹುಣ್ಣಿಮೆಗೆ ಧೂಪ ಹಾಕಿ ಅಡ್ಡ ಬೀಳ್ತೀನಿ. ಪೂರ್ವಿಕರನ್ನ ಯಾರಾದ್ರೂ ತೆರೆದು ನೋಡ್ತಾರೇನೋ?"

ದಾಲ್ಸುವಿಗೆ ಹೋದ ಜೀವ ಬಂದಂತಾಯಿತು. ತಪ್ಪು ಸರಣಿಯಾಗಿ ಬರುವ ಹಾಗೆ ಅದೃಷ್ಟವೂ ಬರುತ್ತದೆಂದು ಅವನು ನಂಬಿದ. ಆ ನಂಬಿಕೆ ಅರ್ಧ ನಿಮಿಷ ಬಾಳಿತು.

"ತಗೊಂಡು ಹೋಗೋದಾದ್ರೆ ಹೋಗು," ಎಂದರು ದೊಡ್ಡಮ್ಮ. "ಆದ್ರೆ ಯಾಕೆ ಅಂತ ಪೂರ್ವಿಕರಿಗೆ ಹೇಳಿ ಹೋಗ್ಬೇಕು. ಬಾಯಿ ಬಿಟ್ಟು, ಕೇಳೋ ಹಾಗೆ."

ದಾಲ್ಸು ಮಂಡಿಯೂರಿದ. ಎದುರಿಗೆ ಹದಿಮೂರು ಹಲಗೆಗಳು. ಬೀಳಿಸಿದೆ ಎಂದರೆ ಪಕ್ಕದಲ್ಲಿ ದೊಡ್ಡಮ್ಮ ಇದ್ದಾರೆ; ಧೂಳು ಒರೆಸಲು ಎಂದರೆ ಮುಂದೆ ಪೂರ್ವಿಕರಿದ್ದಾರೆ. ಎರಡು ಭಯಗಳ ನಡುವೆ ಅವನು ಒಂದು ಓಣಿ ಹುಡುಕಿದ.

"ಪುಸ್ತಕದಲ್ಲಿ... ಸ್ವಲ್ಪ... ಸರಿಪಡಿಸೋದಿದೆ."

ಈ ಮೂರು ಪದಗಳು ಆಮೇಲಿನ ಎರಡು ದಿನಗಳನ್ನು ನಡೆಸಿದವು. ದಾಲ್ಸು ಡ್ರೈವನ್ನು ಎದೆಗವಚಿಕೊಂಡು ಬಸ್ ಹತ್ತುವ ಮೊದಲೇ ದೊಡ್ಡಮ್ಮ ಬಾವಿ ಮನೆಗೆ ಫೋನ್ ಮಾಡಿ, ಪುಸ್ತಕ ಸರಿಪಡಿಸುತ್ತಿದ್ದಾರಂತೆ ಎಂದು ಹೇಳಿಯಾಗಿತ್ತು. ಅವನು ಬಾವಿ ಮನೆಯ ಬಾಗಿಲಿಗೆ ಬಂದಾಗ ಹೆಡ್‌ಮಾಸ್ತರು ಹೊರಗೇ ನಿಂತಿದ್ದರು, ಕೋಟು ಹಾಕಿಕೊಂಡು.

"ಏನು ಸರಿಪಡಿಸೋದಿದೆ?"

"ಏನಿಲ್ಲ ದೊಡ್ಡಪ್ಪ, ಸಣ್ಣದು."

"ಸಣ್ಣದು ಅಂದ್ರೆ? ಎರಡು ಹೆಸರಿನ ಅನುಕ್ರಮ ಬದಲಾಯಿಸೋದೂ ಸಣ್ಣದೇ. ಅಚ್ಚಿನವರಿಗೆ ಐದು ನಿಮಿಷದ ಕೆಲಸ."

"ಅಯ್ಯೋ, ಅದಲ್ಲ!"

"ಹಾಗಾದ್ರೆ ನಮ್ಮ ಹೆಸರೇ ತೆಗೆಯೋದಾ? ಆ ಗುಡ್ಡದವನು ಹೇಳಿ ಕಳಿಸಿದ್ನಾ?"

"ಅಧ್ಯಕ್ಷರಿಗೆ ಇದು ಗೊತ್ತೇ ಇಲ್ಲ ದೊಡ್ಡಪ್ಪ, ನನ್ನಾಣೆ!"

"ಗೊತ್ತಿಲ್ದೆ ಮಾಡ್ತಿದೀಯ? ಅಂದ್ರೆ ಇನ್ನೂ ದೊಡ್ಡ ಮಸಲತ್ತು."

ಹೆಡ್‌ಮಾಸ್ತರು ಒಳಗೆ ಹೋಗಿ ಹುಳಿ ಬರಿಸಿದ ಕಿಮ್ಚಿ ಉಪ್ಪಿನಕಾಯಿ ಇಡುವ ಫ್ರಿಜ್ಜಿನ ಮುಚ್ಚಳ ಎತ್ತಿದರು. ಎಲೆಕೋಸಿನ ಕಿಮ್ಚಿ ಡಬ್ಬಿಯ ಪಕ್ಕ ನಾಲ್ಕು ಪ್ಲಾಸ್ಟಿಕ್ ಚೀಲದೊಳಗೆ ಡ್ರೈವ್ ಇತ್ತು. ವರ್ಷಗಟ್ಟಲೆ ಕೆಡದೆ ಇರುವ ಜಾಗ ಆ ಮನೆಯಲ್ಲಿ ಅದೊಂದೇ ಎಂದು ಅವರ ವಾದ.

"ನೋಡ್ದೆಯಾ? ಸುರಕ್ಷಿತವಾಗಿದೆ. ನಿನ್ನ ಕೈಗೆ ಕೊಡಲ್ಲ. ಶುಕ್ರವಾರ ನಾನೇ ತರ್ತೀನಿ. ನನ್ನ ಕಣ್ಣೆದುರಿಗೇ ತೆರೀಬೇಕು."

"ಹಾಗಾದ್ರೆ ಇವತ್ತೇ ಫ್ರಿಜ್ಜಿಂದ ಹೊರಗಿಡಿ ದೊಡ್ಡಪ್ಪ. ತಣ್ಣಗಿದ್ರೆ ಒಳಗೆ ನೀರಾಡುತ್ತೆ."

"ಹೊರಗಿಟ್ರೆ ಇವತ್ತು ರಾತ್ರಿ ಕಳ್ಳತನ ಮಾಡಿಸೋಕೆ ಅನುಕೂಲ. ಅಲ್ವಾ?"

ಗುರುವಾರ ಮಧ್ಯಾಹ್ನದ ಹೊತ್ತಿಗೆ 'ಸ್ವಲ್ಪ ಸರಿಪಡಿಸೋದಿದೆ' ಎನ್ನುವುದು ಬುಸಾನ್‌ನ ಬಂಧುಗಳನ್ನು ತಲುಪಿ, 'ಬಾವಿ ಮನೆಯನ್ನು ಕೈಬಿಟ್ಟಿದ್ದಾರೆ' ಎಂದಾಗಿ ಯೊಂಗ್ಜುಗೆ ಮರಳಿತ್ತು. ಇಂಚನ್‌ನಿಂದ ಬಂದ ಆವೃತ್ತಿಯಲ್ಲಿ ಕೈಬಿಟ್ಟದ್ದು ಗುಡ್ಡದ ಮನೆಯನ್ನು. ದಾಲ್ಸುವಿನ ಫೋನಿಗೆ ನಲವತ್ತಮೂರು ಕರೆಗಳು ಬಂದವು. ನಲವತ್ತನಾಲ್ಕನೆಯದು ಅಧ್ಯಕ್ಷರದು.

"ಬಾವಿ ಮನೆಯವನ ಜತೆ ಸೇರಿ ಪುಸ್ತಕ ತಿದ್ದುತ್ತಿದೀಯಂತೆ."

"ಇಲ್ಲ ದೊಡ್ಡಪ್ಪ..."

"ನನ್ನ ಮನೆಯ ಪ್ರತಿ ನನ್ನ ಕಬ್ಬಿಣದ ಪೆಟ್ಟಿಗೇಲಿದೆ. ನಾಳೆ ಹತ್ತು ಗಂಟೆಗೆ ಅತ್ತೆಯ ಅಂಗಡೀಲಿ ತೆರೀತೀರಂತಲ್ಲ, ಅದನ್ನ ನಾನೇ ತರ್ತೀನಿ. ಒಂದು ಅಕ್ಷರ ಆಚೀಚೆ ಆಗಿದ್ರೂ, ದಾಲ್ಸು, ನಿನ್ನನ್ನ ಮಾತ್ರ ಅಲ್ಲ, ನಿನ್ನ ಅಪ್ಪನನ್ನೂ ಪುಸ್ತಕದಿಂದ ತೆಗೆಸ್ತೀನಿ."

ಅಪ್ಪನನ್ನು ತೆಗೆದರೆ ತಾನು ಯಾರ ಮಗನಾಗುತ್ತೇನೆ ಎಂದು ಯೋಚಿಸುತ್ತ ದಾಲ್ಸು ಆ ದಿನ ಅನ್ನ ಮುಟ್ಟಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಉನ್‌ಸೊಲ್‌ಳ ಅಂಗಡಿಯಲ್ಲಿ ಮೂರು ಮನೆಗಳೂ ಕೂತಿದ್ದವು. ದೊಡ್ಡಮ್ಮ ನಡುವೆ, ಅಧ್ಯಕ್ಷರು ಎಡಕ್ಕೆ, ಹೆಡ್‌ಮಾಸ್ತರು ಬಲಕ್ಕೆ. ಹೊರಗೆ ಫುಟ್‌ಪಾತಿನಲ್ಲಿ ಹನ್ನೊಂದು ಮಂದಿ ಬಂಧುಗಳು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಹೆಡ್‌ಮಾಸ್ತರರ ಡ್ರೈವಿನಿಂದ ಬೆಳ್ಳುಳ್ಳಿ ವಾಸನೆ ಬರುತ್ತಿತ್ತು. ಕೊನೆಗೂ ಹಿಂದಿನ ಸಂಜೆಯೇ ಅದನ್ನು ಹೊರಗೆ ತೆಗೆದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರಂತೆ.

"ಏನು ತಿದ್ದೋಕೆ ಹೊರಟಿದೀಯ, ಬೊಗಳು," ಎಂದರು ಅಧ್ಯಕ್ಷರು.

ದಾಲ್ಸು ಎದ್ದು ನಿಂತು ಬಾಗಿದ.

"ಯಾರೂ ಏನೂ ತಿದ್ತಾ ಇಲ್ಲ," ಎಂದಳು ಉನ್‌ಸೊಲ್. "ಕಚೇರಿಯ ಡ್ರೈವನ್ನ ಇವನು ಬೀಳಿಸಿದಾನೆ. ಅದು ಹೋಯ್ತು. ನಿಮ್ಮ ಮೂರು ಡ್ರೈವ್ ಸೇರಿಸಿದ್ರೆ ಪೂರ್ತಿ ವಂಶಾವಳಿ ವಾಪಸ್ ಬರುತ್ತೆ. ಹಬ್ಬದ ಆಮೇಲಿನ ಹನ್ನೊಂದು ಅರ್ಜಿ ಕಾಗದದಲ್ಲಿವೆ, ಅವನ್ನ ಇವನು ಟೈಪ್ ಮಾಡ್ತಾನೆ. ಅಷ್ಟೆ ವಿಷಯ."

ಅಧ್ಯಕ್ಷರು ನಿಧಾನವಾಗಿ ತಿರುಗಿದರು. "ಗೋಡೆ ಗಡಿಯಾರ ಅಂದ್ಯಲ್ಲೋ!"

ಮುಂದಿನ ಎರಡು ನಿಮಿಷ ಅಧ್ಯಕ್ಷರು ಆಡಿದ ಮಾತುಗಳನ್ನು ಇಲ್ಲಿ ಕೊಡುವುದಿಲ್ಲ. ಫುಟ್‌ಪಾತಿನವರಿಗೆ ಗಾಜಿನ ಮೂಲಕವೂ ಸ್ಪಷ್ಟವಾಗಿ ಕೇಳಿಸಿತೆಂದು ಮಾತ್ರ ಹೇಳಬಹುದು.

ಉನ್‌ಸೊಲ್ ಕೆಲಸ ಶುರು ಮಾಡಿದಳು. ತಂದ ಡ್ರೈವ್‌ನಿಂದ ನೇರವಾಗಿ ಏನನ್ನೂ ತೆರೆಯುವುದಿಲ್ಲ, ಮೊದಲು ಪ್ರತಿ ತೆಗೆದು ಆಮೇಲೆ ಆ ಪ್ರತಿಯನ್ನು ತೆರೆಯುತ್ತೇನೆ ಎಂದಳು. ಹಿರಿಮನೆಯದು ಬಂತು. ಗುಡ್ಡದ ಮನೆಯದು ಬಂತು. ಪರದೆಯ ಮೇಲೆ ಎರಡು ಸಾಲು ಮೂಡಿದವು, ಎರಡನೆಯದು ಒಂದು ಮೆಟ್ಟಿಲು ಕೆಳಗೆ. ಅದರ ಇನ್ನೊಂದು ಮೆಟ್ಟಿಲು ಕೆಳಗೆ ಖಾಲಿ ಗೆರೆ.

ಹೆಡ್‌ಮಾಸ್ತರು ಐವತ್ತೈದು ವರ್ಷ ವಂಶಾವಳಿ ಓದಿದವರು. ಕನ್ನಡಕ ಏರಿಸಿಕೊಂಡು ಮುಂದೆ ಬಂದರು.

"ಈ ಖಾಲಿ ಗೆರೆ ಯಾರದು?"

"ನಿಮ್ಮದು."

"ಗುಡ್ಡದ ಮನೆಯ ಪಕ್ಕ ಇರಬೇಕಿತ್ತಲ್ಲ?"

"ಪಕ್ಕ ಅಲ್ಲ, ಕೆಳಗೆ. ಅದಕ್ಕೆ ಹುಟ್ಟಿದ ಫೈಲು ಅದು."

ದಾಲ್ಸು ಬಾಗಿಲು ಎಷ್ಟು ದೂರವಿದೆ ಎಂದು ಕಣ್ಣಲ್ಲೇ ಅಳೆದ.

"ಅಂದ್ರೆ," ಎಂದರು ಹೆಡ್‌ಮಾಸ್ತರು, "ತಮ್ಮ ಅನ್ನೋದು ಸಾಲದೇ ಹೋಯ್ತು. ಈಗ ನಾನು ಇವನ ಮಗ."

ಅಧ್ಯಕ್ಷರು ನಕ್ಕರು. ಆ ನಗು ಹನ್ನೊಂದು ವರ್ಷ ಕೂಡಿಟ್ಟದ್ದರಿಂದ ಬಹಳ ಹೊತ್ತು ನಡೆಯಿತು. ಅದು ಮುಗಿಯುವಷ್ಟರಲ್ಲಿ ಹೆಡ್‌ಮಾಸ್ತರು ಡ್ರೈವನ್ನು ನಾಲ್ಕೂ ಚೀಲಗಳಿಗೆ ಒಂದೊಂದಾಗಿ ಸೇರಿಸಿ, ಗಂಟು ಹಾಕಿ, ಬಾಗಿಲ ಹತ್ತಿರ ಹೋಗಿಯಾಗಿತ್ತು.

"ಹೋಗ್ಲಿ ಬಿಡಿ," ಎಂದರು ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ. "ಅತ್ತೆ, ಎರಡು ಬಂದಿದೆಯಲ್ಲ, ಅದನ್ನೇ ಅಚ್ಚಿಗೆ ಕೊಡಿ."

"ಕೊಡಬಹುದು. 2020ರವರೆಗಿನದು ಸಿಗುತ್ತೆ." ಉನ್‌ಸೊಲ್ ಒಳಗಿನ ಕಂಪ್ಯೂಟರನ್ನು ಎಬ್ಬಿಸಿದಳು. ಹಳೆಯ ಕಾಲದ ಬೂದು ಪರದೆ ಬಂತು. ವಂಶಾವಳಿ ತೆರೆಯಿತು.

"ನಮ್ಮ ಹಾರಮ್‌ನನ್ನ ತೋರಿಸಿ," ಎಂದರು ಅಧ್ಯಕ್ಷರು. ಹಾರಮ್ ಅವರ ಮರಿಮಗ. ಮೊಮ್ಮಗನಿಗೆ ಮದುವೆಯಾಗಿ ಮೂರು ವರ್ಷ ಕಾದ ಮೇಲೆ ಕಳೆದ ವಸಂತದಲ್ಲಿ ಹುಟ್ಟಿದ, ಗುಡ್ಡದ ಮನೆಯ ಒಂದೇ ಕುಡಿ.

ಉನ್‌ಸೊಲ್ ಹೆಸರು ಹೊಡೆದಳು. ದಾಖಲೆ ಇಲ್ಲ.

"ಸರಿಯಾಗಿ ಹುಡುಕಿ."

ದಾಖಲೆ ಇಲ್ಲ. ಹಾರಮ್‌ನ ಅಪ್ಪನ ಹೆಸರು ಸಿಕ್ಕಿತು. ಅದರ ಮುಂದೆ 'ಅವಿವಾಹಿತ' ಎಂದಿತ್ತು.

"ದೊಡ್ಡಪ್ಪ," ಎಂದ ದಾಲ್ಸು, ಸುಳ್ಳಿನಿಂದ ಪಟ್ಟ ಪಾಡು ಸಾಕಾಗಿ ಇನ್ನು ಸತ್ಯವನ್ನೇ ಹೇಳುವುದೆಂದು ನಿರ್ಧರಿಸಿದವನಂತೆ, "ಇದರಲ್ಲಿ ಅಧ್ಯಕ್ಷರೂ ನೀವಲ್ಲ. ತೀರಿಹೋದ ಹಳೇ ಅಧ್ಯಕ್ಷರು ಇನ್ನೂ ಬದುಕಿದಾರೆ."

"ಬಾಯಿ ಮುಚ್ಚು!"

"ಮುಂದಿನ ಪುಸ್ತಕ ಮೂವತ್ತು ವರ್ಷಕ್ಕೆ," ಎಂದರು ದೊಡ್ಡಮ್ಮ ಮೆಲ್ಲಗೆ. "ಆಗ ಮಗು ದೊಡ್ಡವನಾಗಿರ್ತಾನೆ. ನೀವು ಇರ್ತೀರೋ ಇಲ್ವೋ."

ಅಧ್ಯಕ್ಷರು ಪರದೆ ನೋಡಿದರು, ಬಾಗಿಲು ನೋಡಿದರು. ಹೆಡ್‌ಮಾಸ್ತರು ಬಾಗಿಲ ಹಿ‍ಡಿಯ ಮೇಲೆ ಕೈಯಿಟ್ಟು ಬೆನ್ನು ತೋರಿಸಿ ನಿಂತಿದ್ದರು. ಹೋಗುವವರು ಅಷ್ಟು ಹೊತ್ತು ನಿಲ್ಲುವುದಿಲ್ಲ.

"ದಾಲ್ಸು, ಆ ಡ್ರೈವ್ ಕೊಡೋಕೆ ಹೇಳು."

ದಾಲ್ಸು ನಾಲ್ಕು ಹೆಜ್ಜೆ ನಡೆದ. "ದೊಡ್ಡಪ್ಪ, ಡ್ರೈವ್ ಕೊಡಬೇಕಂತೆ."

"ಯಾರು ಕೇಳ್ತಿರೋದು ಅಂತ ಕೇಳು."

ನಾಲ್ಕು ಹೆಜ್ಜೆ ವಾಪಸು. "ಯಾರು ಕೇಳ್ತಿರೋದು ಅಂತ ಕೇಳ್ತಿದಾರೆ."

"ಅಧ್ಯಕ್ಷರು ಅನ್ನು."

"ಅಧ್ಯಕ್ಷರಂತೆ."

"ಅಧ್ಯಕ್ಷರಿಗೆ ಕೊಡೋದಿಲ್ಲ. ತಮ್ಮನಾಗಿದ್ರೆ ಕೊಡ್ತಿದ್ದೆ. ನಾನು ಅವನಿಗಿಂತ ಎಂಟು ತಿಂಗಳು ದೊಡ್ಡವನು. ಅಣ್ಣ ಅನ್ಲಿ."

ದಾಲ್ಸು ಅರ್ಧ ದಾರಿಯಲ್ಲೇ ನಿಂತುಬಿಟ್ಟ. ಈ ಮಾತನ್ನು ಉಳಿದ ಎರಡು ಹೆಜ್ಜೆ ಹೊತ್ತೊಯ್ಯುವ ಧೈರ್ಯ ಅವನಿಗಿರಲಿಲ್ಲ.

"ಏಯ್ ಚಿಹ್ಯೊಕ್! ಏಯ್ ಮಾನ್‌ಹೊ!"

ಕೂಗಿದ್ದು ಉನ್‌ಸೊಲ್. ಅದುವರೆಗೆ ಇಬ್ಬರಿಗೂ ಬಹುವಚನ ಹಚ್ಚುತ್ತಿದ್ದವಳು ಒಮ್ಮೆಲೇ ಸೋದರತ್ತೆಯಾಗಿದ್ದಳು. ಎಂಬತ್ತು ವರ್ಷದವರೂ ಎಪ್ಪತ್ತೊಂಬತ್ತು ವರ್ಷದವರೂ ಕೈ ಇಳಿಬಿಟ್ಟು ನೆಟ್ಟಗೆ ನಿಂತರು.

"ಮೂರಕ್ಕೆ ಪ್ರೆಸ್‌ನವನು ಬರ್ತಾನೆ. ಮುನ್ನೂರು ವರ್ಷದ ಹಿಂದೆ ಯಾರು ಮೊದಲು ಹುಟ್ಟಿದ್ರೋ ನನಗೆ ಬೇಕಿಲ್ಲ. ನೀವಿಬ್ರೂ ಯಾವಾಗ ಹುಟ್ಟಿದ್ದು ಅಂತ ಈ ಪುಸ್ತಕದಲ್ಲೇ ಇದೆ. ಚಿಹ್ಯೊಕ್, ಮರಿಮಗ ಬೇಕಾ ಬೇಡ್ವಾ?"

ಅಧ್ಯಕ್ಷರು ಯಾರನ್ನೂ ನೋಡದೆ, ಪರದೆಯ ಮೇಲಿನ 'ದಾಖಲೆ ಇಲ್ಲ' ಎನ್ನುವ ಸಾಲಿಗೆ ಹೇಳಿದರು:

"ಅಣ್ಣಾ. ಕೊಡಿ."

ಹೆಡ್‌ಮಾಸ್ತರು ನಾಲ್ಕು ಗಂಟು ಬಿಚ್ಚಲು ಒಂದೂವರೆ ನಿಮಿಷ ಹಿಡಿಯಿತು. ಪ್ರತಿಯಾಗಲು ಇಪ್ಪತ್ತಮೂರು ನಿಮಿಷ. ಅಷ್ಟು ಹೊತ್ತು ದಾಲ್ಸು ಉಸಿರನ್ನೂ ಲೆಕ್ಕ ಹಾಕಿ ಬಿಟ್ಟ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಖಾಲಿ ಗೆರೆ ತುಂಬಿತು. ಒಳಗಿನ ಕಂಪ್ಯೂಟರ್ ಮತ್ತೆ ಎದ್ದಿತು. ಉನ್‌ಸೊಲ್ ಹೆಸರು ಹೊಡೆದಳು. ಬಾಂಗ್ ಹಾರಮ್, ಗುಡ್ಡದ ಮನೆ, ಗಂಡು.

ಅಧ್ಯಕ್ಷರು ಪರದೆಯನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಹೋಗಿ ಖಾಲಿಯಿದ್ದ ಕುರ್ಚಿಯಲ್ಲಿ ಕೂತರು. ಅದು ಹೆಡ್‌ಮಾಸ್ತರರ ಪಕ್ಕದ್ದೆಂದು ಕೂತ ಮೇಲೆ ಗೊತ್ತಾಯಿತು.

"ಚಿಹ್ಯೊಕ್," ಎಂದರು ಹೆಡ್‌ಮಾಸ್ತರು.

"ಏನು?"

"ಆಗ ಒಂದು ಮಾತು ಅಂದ್ಯಲ್ಲ."

"ಅಂದಾಯ್ತಲ್ಲ."

"ಒಂದೇ ಪ್ರತಿ ನಂಬಿಕೊಂಡ್ರೆ ಏನಾಗುತ್ತೆ ಅಂತ ಈ ದಾಲ್ಸುನ ನೋಡಿ ಕಲಿಯೋದಲ್ವಾ? ಇನ್ನೆರಡು ಸಲ ಅನ್ನು."

ಎರಡನೇ 'ಅಣ್ಣಾ'ವನ್ನು ಅಧ್ಯಕ್ಷರು ಅಲ್ಲೇ, ಕುರ್ಚಿಯಲ್ಲಿ ಕೂತು ಹೇಳಿದರು. ಪ್ರತಿಗಳೆಲ್ಲ ಒಂದೇ ಜಾಗದಲ್ಲಿ ಇರಬಾರದೆಂದು ಉನ್‌ಸೊಲ್ ಹೇಳಿದ್ದರಿಂದ, ಮೂರನೆಯದನ್ನು ಹೊರಗೆ ಫುಟ್‌ಪಾತಿಗೆ ಹೋಗಿ, ಹನ್ನೊಂದು ಮಂದಿ ಬಂಧುಗಳ ಎದುರು ಹೇಳಿ ಬಂದರು.